ಬಾರ್ ಕಾರ್ಡ್ ಕಲಿಯೋಕೆ ಹೋಗಿ ಸಿಕ್ಕಿದ ಅನಂತಸ್ವಾಮಿ

ನಮ್ಮ ಕಾಲೇಜಲ್ಲಿ ಯಾವ ಕಾರ್ಯಕ್ರಮ ಆದರೂ ಮೊದಲು ನಾಡಗೀತೆ. ಬರೆದವರು ಕುವೆಂಪು ಅಂತ ಎಲ್ಲರಿಗೂ ಗೊತ್ತು. ನಾವು ಹಾಡೋ ಧಾಟಿ ಯಾರದು ಅಂತ ಕೇಳಿದ್ದರೆ, ಹೋದ ವರ್ಷ ನಾನೂ ಸುಮ್ಮನೆ ನಿಂತಿರ್ತಿದ್ದೆ. ಅದು ಮೈಸೂರು ಅನಂತಸ್ವಾಮಿ ಅವರದು. ನನಗೆ ಅವರು ಪರಿಚಯ ಆಗಿದ್ದು ಗಿಟಾರ್ ದೆಸೆಯಿಂದ.

ರಜೆಗೆ ಕಿಬ್ಬನಹಳ್ಳಿಗೆ ಹೋದಾಗ ಅಮ್ಮ ‘ನಿತ್ಯೋತ್ಸವ’ ನುಡಿಸು ಅಂದರು. ಶಾಲೆಯಲ್ಲಿ ರಾಜ್ಯೋತ್ಸವಕ್ಕೆ ಅವರು ಹಾಡಿದ್ದ ಹಾಡು. ನಾನು ನನಗೆ ಸುಲಭವಾದ ಜಿ ಶ್ರುತಿಯಲ್ಲಿ ಶುರು ಮಾಡಿದೆ, ಅಮ್ಮನ ಗಂಟಲಿಗೆ ಅದು ಹತ್ತಲಿಲ್ಲ. ಎಫ್‌ಗೆ ಇಳಿಸಬೇಕಾಯ್ತು. ಎಫ್ ಅಂದರೆ ಬಾರ್ ಕಾರ್ಡ್. ತೋರುಬೆರಳನ್ನ ಆರೂ ತಂತಿ ಮೇಲೆ ಅಡ್ಡಡ್ಡ ಒತ್ತಿ, ಉಳಿದ ಬೆರಳಲ್ಲಿ ಕಾರ್ಡ್ ಹಿಡಿಯಬೇಕು. ನನಗೆ ಬಂದಿದ್ದು ಬರೀ ಟಪ್ ಟಪ್ ಸದ್ದು. ಬೆರಳಿಗೆ ರೆಸ್ಟ್ ಕೊಡುವಾಗ ಈ ಹಾಡಿಗೆ ರಾಗ ಹಾಕಿದವರ ಬಗ್ಗೆ ಓದಿದೆ.

ಅನಂತಸ್ವಾಮಿ ಹುಟ್ಟಿದ್ದು 1936ರ ಅಕ್ಟೋಬರ್ 19ರಂದು. ಅವರಿಗಿಂತ ಮುಂಚೆ ಪಿ. ಕಾಳಿಂಗರಾವ್ ಕನ್ನಡ ಕವಿತೆಗಳನ್ನ ವೇದಿಕೆ ಮೇಲೆ ಹಾಡಿ ಜನರಿಗೆ ರುಚಿ ಹತ್ತಿಸಿದ್ದರು. ನಾವು ಈಗ ಸುಗಮ ಸಂಗೀತ ಅನ್ನೋದು ಬೆಳೆದಿದ್ದು ಹೀಗೆ. ಆ ದಾರೀಲಿ ಮುಂದೆ ಹೋದವರಲ್ಲಿ ಅನಂತಸ್ವಾಮಿ ದೊಡ್ಡ ಹೆಸರು. ಸಿನಿಮಾದಲ್ಲಿ ಎಷ್ಟೋ ಸಲ ಟ್ಯೂನ್ ಮೊದಲು ಬರುತ್ತೆ, ಸಾಹಿತ್ಯ ಆಮೇಲೆ. ಇಲ್ಲಿ ಉಲ್ಟಾ. ಕವಿತೆ ಆಗಲೇ ಪುಸ್ತಕದಲ್ಲಿ ಅಚ್ಚಾಗಿರುತ್ತೆ, ಒಂದು ಅಕ್ಷರ ಬದಲಾಯಿಸೋ ಹಾಗಿಲ್ಲ. ಮಾತು ಮುರೀದೆ, ಅರ್ಥ ಕೆಡದೆ ರಾಗ ಕೂರಬೇಕು. ಅನಂತಸ್ವಾಮಿ ಕುವೆಂಪು ಅವರ ಗಂಭೀರ ಕನ್ನಡಕ್ಕೂ ರಾಗ ಹಾಕಿದರು, ಜಿ.ಪಿ. ರಾಜರತ್ನಂ ಅವರ ಕುಡುಕ ರತ್ನನ ಪದಗಳಿಗೂ ಹಾಕಿದರು. (ಆ ರತ್ನನಿಗೆ ಗೊತ್ತಿದ್ದ ಬಾರ್ ಬೇರೆ ಬಿಡಿ!)

‘ನಿತ್ಯೋತ್ಸವ’ ಬರೆದ ಕೆ.ಎಸ್. ನಿಸಾರ್ ಅಹಮದ್ ಕೂಡ 1936ರಲ್ಲೇ ಹುಟ್ಟಿದವರು, ಕಾಲೇಜಲ್ಲಿ ಭೂವಿಜ್ಞಾನ ಪಾಠ ಮಾಡ್ತಿದ್ದ ಮೇಷ್ಟ್ರು. ಅನಂತಸ್ವಾಮಿ ಸಂಗೀತದಲ್ಲಿ 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅಂತ ಅದನ್ನ ಹೇಳ್ತಾರೆ. ಕವಿಗೋಷ್ಠಿಗೆ ಯಾವತ್ತೂ ಹೋಗದವರ ಮನೆಗೂ ಕವಿತೆ ಟೇಪ್‌ರೆಕಾರ್ಡರ್‌ನಲ್ಲಿ ಬಂತು. ನಮ್ಮೂರ ತೆಂಗಿನ ತೋಟದ ಮಧ್ಯದ ಶಾಲೆಗೂ ಬಂದಿದೆ ಅನ್ನೋಕೆ ಅಮ್ಮನೇ ಸಾಕ್ಷಿ.

1995ರ ಜನವರಿ 9ರಂದು ಅನಂತಸ್ವಾಮಿ ತೀರಿಕೊಂಡರು. ಆಗ ಅವರಿಗೆ 58 ವರ್ಷ. ಹಾಡು ಮಕ್ಕಳಿಗೂ ಬಂದಿತ್ತು. ಗಾಯಕರಾಗಿ ಹೆಸರು ಮಾಡಿದ್ದ ಮಗ ರಾಜು ಅನಂತಸ್ವಾಮಿ ಕೂಡ 2009ರಲ್ಲಿ, ಚಿಕ್ಕ ವಯಸ್ಸಲ್ಲೇ ಹೋಗಿಬಿಟ್ಟರು.

ಕುವೆಂಪು ಅವರ ಕವಿತೆ ಅಧಿಕೃತ ನಾಡಗೀತೆ ಆಗಿದ್ದು 2004ರಲ್ಲಿ. ಅದನ್ನ ಯಾರ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕು ಅನ್ನೋ ಚರ್ಚೆ ವರ್ಷಗಟ್ಟಲೆ ನಡೀತು. ಸಿ. ಅಶ್ವತ್ಥ್ ಅವರ ಧಾಟಿಯೇ ಇರಲಿ ಅನ್ನೋರೂ ಇದ್ದರು. ಕೊನೆಗೆ 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನ ಒಪ್ಪಿ, 2 ನಿಮಿಷ 30 ಸೆಕೆಂಡಲ್ಲಿ ಹಾಡಬೇಕು ಅಂತ ತೀರ್ಮಾನ ಮಾಡ್ತು. ಅಷ್ಟೊತ್ತಿಗೆ ಅವರು ಹೋಗಿ 27 ವರ್ಷ ಆಗಿತ್ತು.

ಎಫ್ ಹಿಡಿಯೋಕೆ ನನಗೆ ಒಂದು ತಿಂಗಳು ಬೇಕಾಯ್ತು. ಬೆರಳ ತುದಿ ಗಟ್ಟಿ ಆಗಿದೆ. ಅಮ್ಮನಿಗೆ ತೋರಿಸಿದರೆ, ಕಾಯಿ ಸುಲಿದು ಸುಲಿದು ದಡ್ಡುಗಟ್ಟಿದ ತಮ್ಮ ಅಂಗೈ ಮುಂದಿಟ್ಟು ನಕ್ಕರು. ಬಾರ್ ಕಾರ್ಡಿನ ಲಾಭ ಆಮೇಲೆ ಗೊತ್ತಾಯ್ತು. ಒಂದೇ ಹಿಡಿತವನ್ನ ಮೇಲೆ ಕೆಳಗೆ ಜಾರಿಸಿದರೆ ಸಾಕು, ಯಾರ ಶ್ರುತಿಗೆ ಬೇಕಾದರೂ ನುಡಿಸಬಹುದು.

ಈ ನವೆಂಬರ್‌ನಲ್ಲಿ ‘ನಿತ್ಯೋತ್ಸವ’ ಹಾಡೋರು ನಿಮ್ಮ ಶ್ರುತಿ ಹೇಳಿ, ನಾನು ನುಡಿಸ್ತೀನಿ. ನಿರೂಪಣೆ ಮಾಡೋರಿಗೆ ಒಂದು ಮನವಿ: ನಾಡಗೀತೆಗೆ ಮುಂಚೆ ಕುವೆಂಪು ಅವರ ಹೆಸರಿನ ಜೊತೆ ಮೈಸೂರು ಅನಂತಸ್ವಾಮಿ ಅವರ ಹೆಸರನ್ನೂ ಹೇಳಿ. ಎರಡು ಸೆಕೆಂಡ್ ಸಾಕು.