ಬೈಂಡಿಂಗ್ ಅಂಗಡಿಯ ಹುಡುಗ
ಬೇಸಿಕ್ ಎಲೆಕ್ಟ್ರಿಕಲ್ ನಮಗ್ಯಾಕೆ ಅಂತ ಕೇಳೋ ಸಿವಿಲ್, ಮೆಕ್ಯಾನಿಕಲ್ ಗೆಳೆಯರೇ, ಮೈಕೆಲ್ ಫ್ಯಾರಡೆ ಕೂಡ ಬೇರೆ ಕಸುಬಿನಿಂದ ಬಂದವನೇ. 1791ರಲ್ಲಿ ಇಂಗ್ಲೆಂಡಿನ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದ. ಹದಿನಾಲ್ಕಕ್ಕೇ ಲಂಡನ್ನಿನ ಬುಕ್ ಬೈಂಡಿಂಗ್ ಅಂಗಡಿ ಸೇರಿದ. ಬೈಂಡಿಂಗಿಗೆ ಬಂದ ಪುಸ್ತಕಗಳನ್ನೇ ಓದಿ ವಿದ್ಯುತ್ ಬಗ್ಗೆ ಕಲಿತ. 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿ, ಬರೆದ ನೋಟ್ಸನ್ನು ತಾನೇ ಬೈಂಡ್ ಮಾಡಿ ಡೇವಿಗೇ ಕಳಿಸಿದ. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವನ ಸಹಾಯಕನಾದ.

1831ರಲ್ಲಿ ಕಬ್ಬಿಣದ ಬಳೆಯೊಂದರ ಎರಡು ಕಡೆ ತಂತಿ ಸುತ್ತಿದ. ಒಂದು ಸುರುಳಿಗೆ ಬ್ಯಾಟರಿ ಜೋಡಿಸಿದಾಗ, ತೆಗೆದಾಗ ಮಾತ್ರ ಇನ್ನೊಂದರ ಕಡೆ ಮುಳ್ಳು ಅಲುಗಿತು. ಅಂದರೆ ಕಾಂತಕ್ಷೇತ್ರ ಬದಲಾಗಬೇಕು, ಸುಮ್ಮನಿದ್ದರೆ ಕರೆಂಟ್ ಇಲ್ಲ. ಟ್ರಾನ್ಸ್‌ಫಾರ್ಮರಿಗೆ ಎಸಿಯೇ ಬೇಕಾಗೋದು ಇದಕ್ಕೇ.

ಅವನಿಗೆ ಗಣಿತ ಅಷ್ಟಾಗಿ ಬರ್ತಿರಲಿಲ್ಲ. ಸಮೀಕರಣಗಳನ್ನು ಆಮೇಲೆ ಮ್ಯಾಕ್ಸ್‌ವೆಲ್ ಬರೆದ. 1867ರಲ್ಲಿ ಫ್ಯಾರಡೆ ತೀರಿಕೊಂಡ. ಫಾರ್ಮುಲಾಗೆ ಹೆದರೋ ನಾನು ಈಗ ಮೊದಲು ಕೇಳ್ಕೊಳ್ಳೋದು, ಮುಳ್ಳು ಯಾಕೆ ಅಲುಗಿತು ಅಂತ.