ಲೂಯಿ ಪಾಶ್ಚರ್

ಲೂಯಿ ಪಾಶ್ಚರ್ 1822ರಲ್ಲಿ ಫ್ರಾನ್ಸಿನ ದೋಲ್ ಎಂಬಲ್ಲಿ ಚರ್ಮ ಹದಮಾಡುವವರ ಮನೆಯಲ್ಲಿ ಜನಿಸಿದರು. ಅವರು ವೈದ್ಯರಲ್ಲ, ರಸಾಯನಶಾಸ್ತ್ರಜ್ಞರು.

ಹುಚ್ಚುನಾಯಿ ರೋಗದ ಅಣು ಸೂಕ್ಷ್ಮದರ್ಶಕದಲ್ಲಿ ಎಷ್ಟು ಹುಡುಕಿದರೂ ಅವರಿಗೆ ಕಾಣಲಿಲ್ಲ. ಅದು ವೈರಸ್, ಅಷ್ಟು ಸಣ್ಣದು. ತಾನಾಗಿ ಬೆಳೆಯಲಾರದು. ನರಕೋಶವನ್ನು ಹೊಕ್ಕು, ಆ ಕೋಶದಿಂದಲೇ ತನ್ನಂಥವನ್ನು ಮಾಡಿಸಿಕೊಳ್ಳುತ್ತ ಮೆದುಳಿಗೇರುತ್ತದೆ. ಇದಕ್ಕೆ ಸಾಮಾನ್ಯವಾಗಿ ವಾರಗಳು ಹಿಡಿಯುತ್ತವೆ. (ಗಾಯವನ್ನು ಸಾಬೂನು ಹಚ್ಚಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕಾದುದು ಇದಕ್ಕಾಗಿಯೇ.) ಅಷ್ಟರೊಳಗೆ ಲಸಿಕೆ ಕೊಟ್ಟರೆ ರೋಗವನ್ನು ತಡೆಯಬಹುದೆಂದು ಪಾಶ್ಚರ್ ಎಣಿಸಿದರು.

1885ರ ಜುಲೈ 6ರಂದು, ನಾಯಿ ಕಚ್ಚಿದ 9 ವರ್ಷದ ಜೋಸೆಫ್ ಮೈಸ್ಟರನನ್ನು ತಾಯಿ ಕರೆತಂದಳು. ಲಸಿಕೆಯಿಂದಲೇ ಹುಡುಗ ಸತ್ತರೆ? ಪಾಶ್ಚರರಿಗೆ ನಿದ್ದೆಯಿಲ್ಲ. ಆದರೂ ವೈದ್ಯರಿಂದ 13 ಚುಚ್ಚುಮದ್ದು ಕೊಡಿಸಿದರು. ಹುಡುಗ ಬದುಕಿದ.

ಪಾಶ್ಚರ್ 1895ರಲ್ಲಿ ತೀರಿಕೊಂಡರು. 1907ರಲ್ಲಿ ನಮ್ಮ ನೀಲಗಿರಿಯ ಕೂನೂರಿನಲ್ಲೂ ಅವರ ಹೆಸರಿನ ಸಂಸ್ಥೆ ತೆರೆಯಿತು.