ಹ್ಯಾರಿ ಮಾರ್ಷಲ್ ವಾರ್ಡ್

ಹ್ಯಾರಿ ಮಾರ್ಷಲ್ ವಾರ್ಡ್ (ಮಾರ್ಚ್ ೨೧, ೧೮೫೪ – ಆಗಸ್ಟ್ ೨೬, ೧೯೦೬) ಇಂಗ್ಲೆಂಡಿನ ಸಸ್ಯವಿಜ್ಞಾನಿ. ಕಾಫಿಯ ಎಲೆ ತುಕ್ಕು ರೋಗವು ಹರಡುವ ಬಗೆಯನ್ನು ಪ್ರಯೋಗಗಳಿಂದ ತೋರಿಸಿಕೊಟ್ಟ ಇವರು ಸಸ್ಯರೋಗಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬರು.

ಆರಂಭಿಕ ಜೀವನ

ವಾರ್ಡ್ ಹೆರೆಫರ್ಡ್‌ನಲ್ಲಿ ಜನಿಸಿದರು. ಕೇಂಬ್ರಿಡ್ಜ್‌ನ ಕ್ರೈಸ್ಟ್ಸ್ ಕಾಲೇಜಿನಲ್ಲಿ ಓದಿ ೧೮೭೯ರಲ್ಲಿ ಪದವಿ ಪಡೆದರು. ಜರ್ಮನಿಯಲ್ಲಿಯೂ ಅಧ್ಯಯನ ನಡೆಸಿದರು.

ಸಿಲೋನಿನಲ್ಲಿ ಸಂಶೋಧನೆ

೧೮೬೯ರಲ್ಲಿ ಸಿಲೋನಿನ (ಇಂದಿನ ಶ್ರೀಲಂಕಾ) ಕಾಫಿ ತೋಟಗಳಲ್ಲಿ ಎಲೆಗಳ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಹುಡಿ ಕಾಣಿಸಿಕೊಂಡಿತು. ಇದಕ್ಕೆ ಕಾರಣವಾದ ಶಿಲೀಂಧ್ರಕ್ಕೆ ಹೆಮಿಲಿಯ ವಾಸ್ಟಾಟ್ರಿಕ್ಸ್ ಎಂದು ಹೆಸರಿಡಲಾಯಿತು. ರೋಗ ತಗುಲಿದ ಎಲೆಗಳು ಉದುರಿ, ಗಿಡಗಳು ಸೊರಗಿ, ಇಳುವರಿ ಕುಸಿಯಿತು. ೧೮೮೦ರಲ್ಲಿ ವಸಾಹತು ಸರ್ಕಾರವು ವಾರ್ಡ್ ಅವರನ್ನು ಶಿಲೀಂಧ್ರ ತಜ್ಞರನ್ನಾಗಿ ನೇಮಿಸಿತು.

ಅಂಟು ಲೇಪಿಸಿದ ಗಾಜಿನ ಪಟ್ಟಿಗಳನ್ನು ತೋಟದಲ್ಲಿ ಇರಿಸಿ, ಬೀಜಕಗಳು ಗಾಳಿಯಲ್ಲಿ ಸಾಗುವುದನ್ನು ಅವರು ದೃಢಪಡಿಸಿದರು. ಬೀಜಕವು ಎಲೆಯ ಮೇಲಿನ ನೀರಹನಿಯಲ್ಲಿ ಮೊಳೆತು, ಪತ್ರರಂಧ್ರದ ಮೂಲಕ ಒಳಹೊಕ್ಕು ಅಂಗಾಂಶವನ್ನು ಆವರಿಸುತ್ತದೆ ಎಂಬುದನ್ನು ಕಂಡರು. ಆದ್ದರಿಂದ ಔಷಧವು ಬೀಜಕ ಮೊಳೆಯುವ ಮೊದಲೇ ಎಲೆಯ ಮೇಲಿರಬೇಕು. ಒಳಹೊಕ್ಕ ಶಿಲೀಂಧ್ರವನ್ನು ಹೊರಗಿನ ಲೇಪನ ತಲುಪದು. ಒಂದೇ ಬೆಳೆಯನ್ನು ಎಡೆಬಿಡದೆ ವಿಸ್ತರಿಸಿದ್ದೇ ರೋಗಕ್ಕೆ ಹಾದಿಯಾಯಿತೆಂದೂ ಅವರು ಗುರುತಿಸಿದರು. ಆದರೆ ಬೆಳೆಗಾರರು ಬಯಸಿದ್ದ ಸುಲಭ ಪರಿಹಾರ ದೊರೆಯಲಿಲ್ಲ. ಮುಂದೆ ಆ ದ್ವೀಪದ ಕಾಫಿಯ ಸ್ಥಾನವನ್ನು ಚಹಾ ಆಕ್ರಮಿಸಿತು.

ನಂತರದ ಜೀವನ

೧೮೮೫ರಲ್ಲಿ ಭಾರತದ ಅರಣ್ಯಾಧಿಕಾರಿಗಳಿಗೆ ತರಬೇತಿ ನೀಡುತ್ತಿದ್ದ ಕೂಪರ್ಸ್ ಹಿಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ೧೮೮೮ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಪಡೆದರು. ೧೮೯೫ರಿಂದ ಕೊನೆಯವರೆಗೆ ಕೇಂಬ್ರಿಡ್ಜ್‌ನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅಲ್ಲಿ ಬ್ರೋಮ್ ಹುಲ್ಲುಗಳ ತುಕ್ಕು ರೋಗವನ್ನು ಪರಿಶೀಲಿಸಿ, ರೋಗನಿರೋಧಕ ಶಕ್ತಿಯು ಎಲೆಯ ಹೊರರಚನೆಯಲ್ಲಿಲ್ಲ, ಜೀವಕೋಶದ ಒಳಗಿನ ಕ್ರಿಯೆಗಳಲ್ಲಿದೆ ಎಂದು ನಿರೂಪಿಸಿದರು. ಸಸ್ಯಾನ್ವೇಷಕ ಫ್ರಾಂಕ್ ಕಿಂಗ್ಡನ್-ವಾರ್ಡ್ ಇವರ ಪುತ್ರ.

ಪರಂಪರೆ

ಆ ಒಳಗಿನ ಶಕ್ತಿ ವಂಶಪಾರಂಪರ್ಯವಾಗಿ ಸಾಗುತ್ತದೆ ಎಂಬುದನ್ನು ಕೇಂಬ್ರಿಡ್ಜ್‌ನವರೇ ಆದ ರೋಲೆಂಡ್ ಬಿಫೆನ್ ೧೯೦೫ರಲ್ಲಿ ಗೋಧಿಯಲ್ಲಿ ತೋರಿಸಿದರು. ಕಾಫಿಯಲ್ಲಿಯೂ ಪರಿಹಾರದ ಹುಡುಕಾಟ ತಳಿಗಳತ್ತ ತಿರುಗಿತು. ಮೈಸೂರು ಸೀಮೆಯ ತೋಟವೊಂದರಲ್ಲಿ ಆಯ್ದ ಕೆಂಟ್ಸ್ ತಳಿ ಮೊದಲು ತುಕ್ಕನ್ನು ತಡೆದುಕೊಂಡಿತಾದರೂ ಶಿಲೀಂಧ್ರದ ಹೊಸ ಪ್ರಭೇದಗಳಿಗೆ ಸೋತಿತು. ೧೯೨೫ರಲ್ಲಿ ಬಾಳೆಹೊನ್ನೂರಿನಲ್ಲಿ ಸ್ಥಾಪನೆಯಾದ ಸಂಶೋಧನಾ ಕೇಂದ್ರವು ಕೆಂಟ್ಸ್ ಮತ್ತು ಎಸ್.೨೮೮ ತಳಿಗಳ ಸಂಕರದಿಂದ ಎಸ್.೭೯೫ ತಳಿಯನ್ನು ರೂಪಿಸಿತು.